ಆ್ಯಪ್ಟ್-ಕ್ಯಾಷರ್-ಎನ್‌ಜಿ: ನಿಧಾನ ಲೈನಿನ ಲ್ಯಾಬಿಗೆ ತಕ್ಕ ಪ್ರಾಕ್ಸಿ

ಒಂದೇ ಇಂಟರ್ನೆಟ್ ಲೈನನ್ನು 40 ಕಂಪ್ಯೂಟರ್‌ಗಳು ಹಂಚಿಕೊಳ್ಳುವ ಕಾಲೇಜು ಲ್ಯಾಬಿನಲ್ಲಿ ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ನಡೆಸುವವರಿಗೆ ಹೊಸ ತಂತ್ರಾಂಶ ಹಾಕುವುದಕ್ಕಿಂತ ಹಳೆಯದನ್ನು ಅಪ್‌ಡೇಟ್ ಮಾಡುವುದೇ ದೊಡ್ಡ ಕೆಲಸ. ಉಬುಂಟುವಿನ ಫರ್ಮ್‌ವೇರ್ ಪ್ಯಾಕೇಜ್ (ಯಂತ್ರದ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶವನ್ನು ಕಟ್ಟಿಟ್ಟ ಫೈಲ್) ಒಂದೇ ನೂರಾರು ಎಂಬಿ ಇರುತ್ತದೆ. 300 ಎಂಬಿಯ ಅಪ್‌ಡೇಟ್ 40 ಯಂತ್ರಗಳಿಗೂ ಪ್ರತ್ಯೇಕವಾಗಿ ಇಳಿದರೆ 12 ಜಿಬಿ ಆಗುತ್ತದೆ, ಮತ್ತು ಆ 12 ಜಿಬಿಯಲ್ಲಿ ಹೊಸದೇನೂ ಇರುವುದಿಲ್ಲ, ಒಂದೇ ಫೈಲಿನ 40 ಪ್ರತಿಗಳಿರುತ್ತವೆ. ರಾಯಚೂರಿನ ಪದವಿ ಕಾಲೇಜೊಂದರ ಲ್ಯಾಬನ್ನು ನೋಡಿಕೊಳ್ಳುವ ನಾನು ಈ ಪೋಲನ್ನು ತಡೆಯಲು ಬಳಸುತ್ತಿರುವ ತಂತ್ರಾಂಶ ಆ್ಯಪ್ಟ್-ಕ್ಯಾಷರ್-ಎನ್‌ಜಿ. ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಕಾಲೇಜುಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಇದರ ಬಗ್ಗೆ ಮತ್ತೆ ಮತ್ತೆ ವಿಚಾರಿಸುತ್ತಿರುವುದರಿಂದ, ಇದರಲ್ಲಿ ಮೆಚ್ಚುವಂಥದ್ದು ಏನಿದೆ, ಎಲ್ಲಿ ಎಚ್ಚರ ಬೇಕು, ಯಾವ ಕೆಲಸ ಇದರಿಂದ ಆಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇದು ಪ್ಯಾಕೇಜ್‌ಗಳಿಗಾಗಿಯೇ ಮಾಡಿದ ಪ್ರಾಕ್ಸಿ ಸರ್ವರ್, ಅಂದರೆ ಲ್ಯಾಬಿಗೂ ಇಂಟರ್ನೆಟ್‌ಗೂ ನಡುವೆ ನಿಲ್ಲುವ ಮಧ್ಯವರ್ತಿ. ಲ್ಯಾಬಿನ ಯಾವುದೋ ಒಂದು ಕಂಪ್ಯೂಟರ್ ಒಂದು ಪ್ಯಾಕೇಜ್ ಕೇಳಿದಾಗ ಇದು ಹೊರಗಿನಿಂದ ಅದನ್ನು ತಂದುಕೊಡುತ್ತದೆ ಮತ್ತು ಒಂದು ಪ್ರತಿಯನ್ನು ತನ್ನ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಎರಡನೆಯ ಕಂಪ್ಯೂಟರ್ ಅದೇ ಪ್ಯಾಕೇಜ್ ಕೇಳಿದಾಗ ಹೊರಗಿನ ಲೈನನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಊರುಗಳು ನೀರು ಹರಿಯುವ ದಿನಗಳಲ್ಲಿ ಕುಡಿಯುವ ನೀರಿನ ಕೆರೆಯನ್ನು ತುಂಬಿಸಿಕೊಂಡು ಕಾಲುವೆ ನಿಂತ ಮೇಲೆ ಅದರಿಂದಲೇ ದಿನ ದೂಡುವ ಕ್ರಮ ನಮಗೆಲ್ಲ ಗೊತ್ತಿರುವುದೇ. ಈ ತಂತ್ರಾಂಶ ಲ್ಯಾಬಿಗೆ ಅಂಥದ್ದೊಂದು ಕೆರೆ. ಲೈನಿನ ವೇಗ ಧಾರಾಳವಾಗಿರುವ ಮಹಾನಗರದ ಕಚೇರಿಯಲ್ಲಿ ಇದು ಒಂದು ಅನುಕೂಲ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಕಚೇರಿ, ಗ್ರಂಥಾಲಯ, ಲ್ಯಾಬ್ ಎಲ್ಲವೂ ಒಂದೇ ಲೈನಿಗೆ ಜೋತುಬೀಳುವ ನಮ್ಮ ಭಾಗದ ಕಾಲೇಜುಗಳಲ್ಲಿ ಅಪ್‌ಡೇಟ್ ಆಗುತ್ತದೆಯೋ ಇಲ್ಲವೋ ಎಂಬುದೇ ಇದರ ಮೇಲೆ ನಿಲ್ಲುತ್ತದೆ. ಭದ್ರತಾ ಅಪ್‌ಡೇಟ್‌ಗಳನ್ನು ತಿಂಗಳುಗಟ್ಟಲೆ ಮುಂದೂಡಿದ ಲ್ಯಾಬ್‌ಗಳನ್ನು ನಾನು ನೋಡಿದ್ದೇನೆ. ಅಲ್ಲಿನವರಿಗೆ ಆಸಕ್ತಿ ಇರಲಿಲ್ಲವೆಂದಲ್ಲ, ಲೈನ್ ತಡೆದುಕೊಳ್ಳುತ್ತಿರಲಿಲ್ಲ.

ಸ್ಥಾಪನೆ ಸುಲಭ. ಡೆಬಿಯನ್‌ನಲ್ಲಿಯೂ ಉಬುಂಟುವಿನಲ್ಲಿಯೂ ಪ್ಯಾಕೇಜ್‌ಗಳ ಭಂಡಾರವಾದ ಅಧಿಕೃತ ರೆಪಾಸಿಟರಿಯಲ್ಲೇ ಇದು ಸಿಗುತ್ತದೆ, ಹಣ ಕೊಡಬೇಕಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿರುವ ಇದು ಮೆಮೊರಿಯನ್ನು ಬಹಳ ಕಡಿಮೆ ಬಳಸುವುದರಿಂದ ಮೂಲೆಗೆ ಸೇರಿದ್ದ 4 ಜಿಬಿ ಮೆಮೊರಿಯ ಹಳೆಯ ಡೆಸ್ಕ್‌ಟಾಪ್ ಒಂದೇ ಸಾಕಾಗುತ್ತದೆ; ಖರ್ಚು ಮಾಡುವುದಾದರೆ ಹಾರ್ಡ್ ಡಿಸ್ಕಿಗೆ ಮತ್ತು ಯುಪಿಎಸ್‌ಗೆ ಮಾಡಬೇಕು. ಇದು 3142 ಎಂಬ ಪೋರ್ಟಿನಲ್ಲಿ (ಜಾಲದಲ್ಲಿ ಸರ್ವರಿನ ಬಾಗಿಲಿನಂಥ ಸಂಖ್ಯೆ) ಕೆಲಸ ಮಾಡುತ್ತದೆ. ತಂದಿಟ್ಟ ಪ್ಯಾಕೇಜ್‌ಗಳು ವಾರ್ ಫೋಲ್ಡರಿನೊಳಗಿನ ಕ್ಯಾಶ್ ಫೋಲ್ಡರಿನಲ್ಲಿ ಇದರದೇ ಹೆಸರಿನಡಿ ಕೂರುತ್ತವೆ, ಸೆಟ್ಟಿಂಗ್‌ಗಳೆಲ್ಲ ಎಸಿಎನ್‌ಜಿ ಡಾಟ್ ಕಾನ್ಫ್ ಎಂಬ ಫೈಲಿನಲ್ಲಿರುತ್ತವೆ. ಆ ಫೈಲಿನ ಪ್ರತಿಯೊಂದು ಸಾಲಿನ ಮೇಲೂ ಅದು ಏನು ಮಾಡುತ್ತದೆಂಬ ವಿವರಣೆಯಿದೆ. ಇಂಗ್ಲಿಷಿನಲ್ಲಿದ್ದರೂ ನಿಧಾನವಾಗಿ ಓದಿದರೆ ಬಿಸಿಎ ಎರಡನೆಯ ವರ್ಷದ ವಿದ್ಯಾರ್ಥಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿದೆ.

ಇನ್ನು ಲ್ಯಾಬಿನ ಪ್ರತಿ ಕಂಪ್ಯೂಟರಿಗೆ ಈ ಪ್ರಾಕ್ಸಿಯ ವಿಳಾಸ ತಿಳಿಸುವ ಕೆಲಸ. ಇದೇ ನಿಜವಾದ ವಿಷಯವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಅನೇಕರು ಡೆಸ್ಕ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಅಲ್ಲಿ ಪ್ರಾಕ್ಸಿಯ ವಿಳಾಸ ತುಂಬುತ್ತಾರೆ. ಬ್ರೌಸರ್ ಅದನ್ನು ಪಾಲಿಸುತ್ತದೆ, ಆದರೆ ಅಡ್ಮಿನ್ ಅಧಿಕಾರ ಕೊಡುವ ಸುಡೋ ಎಂಬ ಆದೇಶದ ಮೂಲಕ ನಡೆಯುವ ಆ್ಯಪ್ಟ್‌ಗೆ, ಅಂದರೆ ಪ್ಯಾಕೇಜ್‌ಗಳನ್ನು ತಂದು ಹಾಕುವ ಸಾಧನಕ್ಕೆ, ಅದು ತಲುಪುವುದಿಲ್ಲ. ಮತ್ತೆ ಕೆಲವರು ಟರ್ಮಿನಲ್‌ನಲ್ಲಿ ಎಚ್‌ಟಿಟಿಪಿ ಪ್ರಾಕ್ಸಿ ಎಂಬ ಎನ್ವಿರಾನ್‌ಮೆಂಟ್ ವೇರಿಯೆಬಲ್ (ತಂತ್ರಾಂಶಗಳು ಓದಿಕೊಳ್ಳುವ ಹೆಸರಿಟ್ಟ ಮೌಲ್ಯ) ಹೊಂದಿಸುತ್ತಾರೆ. ಆ್ಯಪ್ಟ್ ಆ ವೇರಿಯೆಬಲನ್ನು ಓದುತ್ತದೆ ಎಂಬುದು ನಿಜ, ಆದರೆ ಸುಡೋ ತನ್ನ ಸುರಕ್ಷತೆಗಾಗಿ ಬಳಕೆದಾರನ ವೇರಿಯೆಬಲ್‌ಗಳನ್ನು ಸಾಮಾನ್ಯವಾಗಿ ತೆಗೆದುಹಾಕಿಯೇ ಆದೇಶವನ್ನು ಮುಂದಕ್ಕೆ ಕಳುಹಿಸುವುದರಿಂದ ಆ್ಯಪ್ಟ್‌ನ ಕೈಗೆ ಅದು ಸಿಗದೆ ಹೋಗುತ್ತದೆ. ಸುಡೋಗೆ ದೊಡ್ಡಕ್ಷರದ ಇ ಆಯ್ಕೆ ಕೊಟ್ಟರೆ ಆ ಹೊತ್ತಿಗೆ ಕೆಲಸ ಆಗುತ್ತದೆ; ಮರುದಿನ ಇನ್ನೊಬ್ಬರು ಅದನ್ನು ಮರೆತರೆ ಮತ್ತೆ ನೇರ ಲೈನಿನಿಂದಲೇ ಇಳಿಯತೊಡಗುತ್ತದೆ.

ಆದ್ದರಿಂದ ಆ್ಯಪ್ಟ್‌ನ ಸೆಟ್ಟಿಂಗ್ ಆ್ಯಪ್ಟ್‌ನ ಮನೆಯಲ್ಲೇ ಇರಬೇಕು. ಇಟಿಸಿ ಫೋಲ್ಡರಿನೊಳಗಿನ ಆ್ಯಪ್ಟ್ ಫೋಲ್ಡರಿನಲ್ಲಿ ಆ್ಯಪ್ಟ್ ಡಾಟ್ ಕಾನ್ಫ್ ಡಾಟ್ ಡಿ ಎಂಬ ಇನ್ನೊಂದು ಫೋಲ್ಡರ್ ಇದೆ. ಅದರಲ್ಲಿ 01ಪ್ರಾಕ್ಸಿ ಎಂಬಂಥ ಹೆಸರಿನ ಒಂದು ಚಿಕ್ಕ ಫೈಲ್ ಮಾಡಿ, ಅದರೊಳಗೆ ಒಂದೇ ಸಾಲು ಬರೆಯಬೇಕು: ಅಕ್ವೈರ್, ಎರಡು ಕೋಲನ್, ಎಚ್‌ಟಿಟಿಪಿ, ಮತ್ತೆ ಎರಡು ಕೋಲನ್, ಪ್ರಾಕ್ಸಿ, ನಂತರ ಒಂದು ಜಾಗ ಬಿಟ್ಟು ಉದ್ಧರಣ ಚಿಹ್ನೆಯೊಳಗೆ ಎಚ್‌ಟಿಟಿಪಿಯಿಂದ ಶುರುವಾಗುವ ಸರ್ವರಿನ ವಿಳಾಸ, ಅದರ ಮುಂದೆ ಕೋಲನ್ ಮತ್ತು 3142, ಕೊನೆಗೆ ತಪ್ಪದೆ ಸೆಮಿಕೋಲನ್. ಈ ಸಾಲನ್ನು ನೆನಪಿಟ್ಟುಕೊಳ್ಳುವ ಅಗತ್ಯವೂ ಇಲ್ಲ. ಲ್ಯಾಬಿನ ಯಾವುದೇ ಬ್ರೌಸರಿನಲ್ಲಿ ಸರ್ವರಿನ ವಿಳಾಸವನ್ನು 3142 ಪೋರ್ಟಿನೊಂದಿಗೆ ತೆರೆದರೆ, ಬರೆಯಬೇಕಾದ ಸಾಲನ್ನು ಪುಟದಲ್ಲೇ ತೋರಿಸುತ್ತದೆ. ಮೊದಲ ಬಾರಿ ಈ ಕೆಲಸಕ್ಕೆ ಕೈಹಾಕುವವರಿಗೆ ಇಂಥ ಚಿಕ್ಕ ಕಾಳಜಿ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ನಮ್ಮ ಲ್ಯಾಬ್ ಸಹಾಯಕರಲ್ಲಿ ಕಂಡಿದ್ದೇನೆ. ಅವರು ಈಗ ನನ್ನನ್ನು ಕೇಳದೆಯೇ ಹೊಸ ಯಂತ್ರಗಳನ್ನು ಸೇರಿಸುತ್ತಾರೆ.

ಫೈಲಿನ ಹೆಸರಿನ ವಿಷಯದಲ್ಲಿ ಒಂದು ನಿಯಮವಿದೆ. ಆ ಫೋಲ್ಡರಿನ ಫೈಲಿಗೆ ವಿಸ್ತರಣೆಯೇ ಇರಬಾರದು, ಇದ್ದರೆ ಕಾನ್ಫ್ ಎಂದೇ ಇರಬೇಕು. ವಿಂಡೋಸ್ ಅಭ್ಯಾಸದಿಂದ ಟಿಎಕ್ಸ್‌ಟಿ ಎಂದು ಉಳಿಸಿದರೆ ಆ್ಯಪ್ಟ್ ಅದನ್ನು ಪರಿಗಣಿಸುವುದಿಲ್ಲ. ಇನ್ನೊಂದು ಸಂಗತಿ ಓದುವ ಕ್ರಮಕ್ಕೆ ಸಂಬಂಧಿಸಿದ್ದು. ಆ ಫೋಲ್ಡರಿನ ಫೈಲುಗಳನ್ನು ಆ್ಯಪ್ಟ್ ಹೆಸರಿನ ಅಕಾರಾದಿ ಕ್ರಮದಲ್ಲಿ ಓದುತ್ತದೆ, ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ನಂತರ ಓದಿದ್ದೇ ಗೆಲ್ಲುತ್ತದೆ, ಮತ್ತು ಫೋಲ್ಡರಿನ ಎಲ್ಲ ಫೈಲುಗಳ ಬಳಿಕ ಹೊರಗಿರುವ ಆ್ಯಪ್ಟ್ ಡಾಟ್ ಕಾನ್ಫ್ ಎಂಬ ಮುಖ್ಯ ಫೈಲನ್ನು ಓದುತ್ತದೆ. ಡೆಬಿಯನ್ ಹಾಕುವಾಗ ಪ್ರಾಕ್ಸಿ ಇದೆಯೇ ಎಂಬ ಪ್ರಶ್ನೆಗೆ ಯಾರೋ ಹಿಂದೆ ಕೊಟ್ಟ ಉತ್ತರ ಈ ಮುಖ್ಯ ಫೈಲಿನಲ್ಲಿ ಉಳಿದಿರುತ್ತದೆ. ಉಬುಂಟು ಸರ್ವರ್ ಆದರೆ 90 ಎಂಬ ಅಂಕಿಯಿಂದ ಶುರುವಾಗುವ ಕರ್ಟಿನ್ ಹೆಸರಿನ ಫೈಲಿನಲ್ಲಿ ಉಳಿದಿರುತ್ತದೆ. ಎರಡೂ ನಮ್ಮ 01ಪ್ರಾಕ್ಸಿ ಫೈಲಿನ ನಂತರ ಓದಲ್ಪಡುವುದರಿಂದ ಹಳೆಯ ವಿಳಾಸವೇ ಜಾರಿಯಲ್ಲಿರುತ್ತದೆ. ಅನುಮಾನ ಬಂದಾಗ ಆ್ಯಪ್ಟ್-ಕಾನ್ಫಿಗ್ ಡಂಪ್ ಎಂಬ ಆದೇಶ ಕೊಟ್ಟು ಪ್ರಾಕ್ಸಿ ಎಂಬ ಪದವಿರುವ ಸಾಲುಗಳನ್ನು ನೋಡಿದರೆ ಆ್ಯಪ್ಟ್ ನಿಜವಾಗಿ ಯಾವ ವಿಳಾಸವನ್ನು ನಂಬಿಕೊಂಡಿದೆ ಎಂಬುದು ಕಾಣಿಸುತ್ತದೆ. ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ ಸ್ಥಾಪನೆಯಾದ ಕಂಪ್ಯೂಟರ್‌ಗಳಿರುವ ಲ್ಯಾಬಿನಲ್ಲಿ ಈ ಒಂದು ಆದೇಶ ಎಷ್ಟೋ ಗಂಟೆಗಳ ಊಹೆಯನ್ನು ತಪ್ಪಿಸುತ್ತದೆ.

ಅಂಥ ಲ್ಯಾಬಿಗೆ ಈ ತಂತ್ರಾಂಶ ಮಾಡುವ ಇನ್ನೊಂದು ಉಪಕಾರವಿದೆ. ಕೆಲವು ಯಂತ್ರಗಳು ಉಬುಂಟುವಿನ ಭಾರತೀಯ ಮಿರರ್‌ನಿಂದ (ಮುಖ್ಯ ಸರ್ವರಿನ ನಕಲು), ಕೆಲವು ಮುಖ್ಯ ಸರ್ವರಿನಿಂದ ಪ್ಯಾಕೇಜ್ ಕೇಳುವಂತೆ ಹೊಂದಿಸಿರಬಹುದು. ಸಾಮಾನ್ಯ ಪ್ರಾಕ್ಸಿಗೆ ವಿಳಾಸ ಬೇರೆಯಾದರೆ ಫೈಲೂ ಬೇರೆಯೇ, ಆದ್ದರಿಂದ ಒಂದೇ ಪ್ಯಾಕೇಜ್ ಎರಡು ಬಾರಿ ಇಳಿದು ಎರಡು ಪ್ರತಿಗಳಾಗಿ ಕೂರುತ್ತದೆ. ಆ್ಯಪ್ಟ್-ಕ್ಯಾಷರ್-ಎನ್‌ಜಿ ತನ್ನ ಬಳಿ ಮಿರರ್‌ಗಳ ಪಟ್ಟಿಯನ್ನೇ ಇಟ್ಟುಕೊಂಡಿದ್ದು, ಉಬುಂಟುವಿನ ಯಾವ ಮಿರರನ್ನು ಕೇಳಿದರೂ ಒಂದೇ ಖಾತೆಗೆ ಸೇರಿಸಿ, ತಾನು ಆರಿಸಿದ ಒಂದೇ ಮೂಲದಿಂದ ತರುತ್ತದೆ. ಯಾವ ಮೂಲದಿಂದ ತರಬೇಕೆಂಬುದನ್ನು ಒಂದು ಫೈಲಿನಲ್ಲಿ ಬರೆದರೆ ಸಾಕು. ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯನ್ನು 40 ಯಂತ್ರಗಳಲ್ಲಿ ತಿದ್ದುವ ಕೆಲಸ ತಪ್ಪುತ್ತದೆ.

ಸ್ಕ್ವಿಡ್ ಎಂಬ ಪ್ರಸಿದ್ಧ ಪ್ರಾಕ್ಸಿಯಿಂದ ಇದೇ ಕೆಲಸ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಮಾಡಿಸಬಹುದು. ಆದರೆ ಸ್ಕ್ವಿಡ್ ತನ್ನ ಮೂಲ ಸ್ಥಿತಿಯಲ್ಲಿ 4 ಎಂಬಿಗಿಂತ ದೊಡ್ಡ ಫೈಲನ್ನು ಸಂಗ್ರಹಿಸುವುದಿಲ್ಲ, ನಮಗೆ ನೋವು ಕೊಡುವುದೇ ನೂರಾರು ಎಂಬಿಯ ಫೈಲುಗಳು. ಆ ಮಿತಿಯನ್ನು ಏರಿಸಬೇಕು, ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬ ನಿಯಮಗಳನ್ನು ನಾವೇ ಬರೆಯಬೇಕು. ಇಡೀ ರೆಪಾಸಿಟರಿಯನ್ನೇ ನಕಲು ಮಾಡಿಕೊಳ್ಳುವ ಆ್ಯಪ್ಟ್-ಮಿರರ್‌ನಂಥ ದಾರಿಗೆ ನೂರಾರು ಜಿಬಿ ಇಳಿಸಬೇಕಾಗುತ್ತದೆ, ಅದರಲ್ಲಿ ಬಹುಪಾಲನ್ನು ನಮ್ಮ ಲ್ಯಾಬ್ ಎಂದೂ ಕೇಳುವುದಿಲ್ಲ.

ಪ್ರಾಕ್ಸಿಯೊಂದು ನಡುವೆ ನಿಂತರೆ ಅದು ಕೊಡುವ ಪ್ಯಾಕೇಜನ್ನು ಹೇಗೆ ನಂಬುವುದು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಲೇಬೇಕು. ರೆಪಾಸಿಟರಿಯ ಇನ್‌ರಿಲೀಸ್ ಎಂಬ ಫೈಲಿನಲ್ಲಿ ಪ್ಯಾಕೇಜ್ ಪಟ್ಟಿಗಳ ಎಸ್‌ಎಚ್‌ಎ-256 ಹ್ಯಾಶ್‌ಗಳು (ಫೈಲಿನ ಒಳವಸ್ತುವಿನಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆಗಳು) ಇರುತ್ತವೆ, ಆ ಪಟ್ಟಿಗಳಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್ ಇರುತ್ತದೆ, ಇನ್‌ರಿಲೀಸ್ ಫೈಲಿಗೆ ವಿತರಕರ ಡಿಜಿಟಲ್ ಸಹಿ ಇರುತ್ತದೆ, ಆ ಸಹಿಯನ್ನು ಪರೀಕ್ಷಿಸುವ ಕೀಲಿ ಪ್ರತಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ನಡುವಿನ ಪ್ರಾಕ್ಸಿ ಒಂದು ಬೈಟ್ ಬದಲಿಸಿದರೂ ಆ್ಯಪ್ಟ್ ಆ ಪ್ಯಾಕೇಜನ್ನು ನಿರಾಕರಿಸುತ್ತದೆ. ಉಬುಂಟು ಮತ್ತು ಡೆಬಿಯನ್‌ನ ರೆಪಾಸಿಟರಿಗಳು ಇಂದಿಗೂ ಸಾದಾ ಎಚ್‌ಟಿಟಿಪಿಯಲ್ಲಿ ಲಭ್ಯವಿರಲು ಇದೇ ಆಧಾರ, ಮತ್ತು ಸಾದಾ ಎಚ್‌ಟಿಟಿಪಿ ಆದ್ದರಿಂದಲೇ ನಮ್ಮ ಪ್ರಾಕ್ಸಿ ಅದನ್ನು ನೋಡಿ, ಗುರುತಿಸಿ, ಸಂಗ್ರಹಿಸಲು ಸಾಧ್ಯ.

ತೊಡಕು ಶುರುವಾಗುವುದು ದತ್ತಾಂಶವನ್ನು ಗೂಢಲಿಪಿಯಲ್ಲಿ ಕಳುಹಿಸುವ ಎಚ್‌ಟಿಟಿಪಿಎಸ್ ರೆಪಾಸಿಟರಿಗಳಲ್ಲಿ. ಡಾಕರ್, ವಿಎಸ್ ಕೋಡ್ ಮುಂತಾದವನ್ನು ಅವುಗಳ ತಯಾರಕರ ರೆಪಾಸಿಟರಿಯಿಂದಲೇ ಹಾಕಿಕೊಳ್ಳುವ ಲ್ಯಾಬ್‌ಗಳಲ್ಲಿ ಇದು ಮೊದಲ ದಿನವೇ ಎದುರಾಗುತ್ತದೆ. ಎಚ್‌ಟಿಟಿಪಿಎಸ್‌ಗೆ ಬೇರೆ ಪ್ರಾಕ್ಸಿ ಹೇಳದಿದ್ದರೆ ಆ್ಯಪ್ಟ್ ಎಚ್‌ಟಿಟಿಪಿಗೆ ಕೊಟ್ಟ ವಿಳಾಸವನ್ನೇ ಬಳಸುತ್ತದೆ, ಕನೆಕ್ಟ್ ಎಂಬ ವಿಧಾನದಿಂದ ಸುರಂಗ ತೆರೆಯುವಂತೆ ಪ್ರಾಕ್ಸಿಯನ್ನು ಕೇಳುತ್ತದೆ, ಆ್ಯಪ್ಟ್-ಕ್ಯಾಷರ್-ಎನ್‌ಜಿ ತನ್ನ ಮೂಲ ಸ್ಥಿತಿಯಲ್ಲಿ ಅದಕ್ಕೆ ಒಪ್ಪದೆ 403 ಎಂಬ ಉತ್ತರದೊಂದಿಗೆ, ಕನೆಕ್ಟ್ ನಿರಾಕರಿಸಲಾಗಿದೆ, ಅಡ್ಮಿನ್ ಅವರನ್ನು ಕೇಳಿ ಎಂದು ಹೇಳುತ್ತದೆ. ಈ ಸಂದೇಶ ನೋಡಿದ ಕೂಡಲೇ ತಂತ್ರಾಂಶ ಕೆಟ್ಟಿದೆಯೆಂದು ತೆಗೆದುಹಾಕುವವರೂ ಇದ್ದಾರೆ. ಅದು ಕೆಟ್ಟಿರುವುದಿಲ್ಲ, ಎಚ್ಚರದಿಂದಿರುತ್ತದೆ.

ಇದಕ್ಕೆ ಪರಿಹಾರ ಒಂದಕ್ಕಿಂತ ಹೆಚ್ಚಿವೆ, ಆಯ್ಕೆ ಮಾತ್ರ ಯೋಚಿಸಿ ಮಾಡಬೇಕು. ಕಂಪ್ಯೂಟರ್‌ಗಳಿಗೆ ಹೊರಗಿನ ಜಾಲಕ್ಕೆ ನೇರ ದಾರಿ ಇದ್ದರೆ, ಅಕ್ವೈರ್ ಎಚ್‌ಟಿಟಿಪಿಎಸ್ ಪ್ರಾಕ್ಸಿ ಎಂಬ ಸೆಟ್ಟಿಂಗ್‌ಗೆ ದೊಡ್ಡಕ್ಷರಗಳಲ್ಲಿ ಡೈರೆಕ್ಟ್ ಎಂದು ಬರೆದರೆ ಅಷ್ಟು ರೆಪಾಸಿಟರಿಗಳು ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಹೋಗುತ್ತವೆ. ನೇರ ದಾರಿ ಇಲ್ಲದಿದ್ದರೆ ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ಥ್ರೂ ಪ್ಯಾಟರ್ನ್ ಎಂಬ ಸಾಲಿನಿಂದ ಸುರಂಗಕ್ಕೆ ಅನುಮತಿ ಕೊಡಬಹುದು. ಆದರೆ ಅನೇಕ ಸಲಹೆಗಳಲ್ಲಿ ಕಾಣುವಂತೆ ಎಲ್ಲ ವಿಳಾಸಗಳಿಗೂ ಹೊಂದುವ ಪ್ಯಾಟರ್ನ್ ಬರೆದರೆ ಲ್ಯಾಬಿನ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಈ ದಾರಿಯಿಂದ ಹೋಗಬಹುದಾದ್ದರಿಂದ, ಅಗತ್ಯವಿರುವ ರೆಪಾಸಿಟರಿಯ ಹೆಸರು ಮತ್ತು 443 ಪೋರ್ಟನ್ನಷ್ಟೇ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಈ ಎರಡು ದಾರಿಗಳಲ್ಲಿಯೂ ಪ್ಯಾಕೇಜ್ ಸಂಗ್ರಹವಾಗುವುದಿಲ್ಲ, ಏಕೆಂದರೆ ಮೊದಲನೆಯದರಲ್ಲಿ ಅದು ಪ್ರಾಕ್ಸಿಯನ್ನು ಮುಟ್ಟುವುದೇ ಇಲ್ಲ, ಎರಡನೆಯದರಲ್ಲಿ ಸುರಂಗದೊಳಗೆ ಏನು ಹಾದುಹೋಯಿತೆಂಬುದು ಪ್ರಾಕ್ಸಿಗೆ ಕಾಣುವುದಿಲ್ಲ. ಸಂಗ್ರಹವೂ ಆಗಬೇಕಿದ್ದರೆ ರೆಪಾಸಿಟರಿಯ ವಿಳಾಸವನ್ನೇ ಬದಲಿಸಿ, ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆಗಳ ನಂತರ ದೊಡ್ಡಕ್ಷರಗಳಲ್ಲಿ ಎಚ್‌ಟಿಟಿಪಿಎಸ್ ಎಂದು ಬರೆದು, ಮೂರು ಓರೆಗೆರೆಗಳ ಬಳಿಕ ನಿಜವಾದ ವಿಳಾಸ ಕೊಡಬೇಕು. ಆಗ ಕಂಪ್ಯೂಟರಿನಿಂದ ಪ್ರಾಕ್ಸಿಯವರೆಗೆ ಸಾದಾ ಎಚ್‌ಟಿಟಿಪಿ, ಪ್ರಾಕ್ಸಿಯಿಂದ ಹೊರಗೆ ಎಚ್‌ಟಿಟಿಪಿಎಸ್ ನಡೆಯುತ್ತದೆ. ಸಹಿಯ ಪರೀಕ್ಷೆ ಎಂದಿನಂತೆ ಕಂಪ್ಯೂಟರಿನಲ್ಲೇ ಆಗುತ್ತದೆ. ವಿಳಾಸದ ರೂಪ ವಿಚಿತ್ರವಾಗಿದೆ, ನಿಜ. ಹಂಚಿಕೊಂಡ ಲೈನಿನಲ್ಲಿ ಇದು ತಗ್ಗಿಸುವ ಹೊರೆಯನ್ನು ನೋಡಿದರೆ ಆ ವಿಚಿತ್ರವನ್ನು ಒಪ್ಪಿಕೊಳ್ಳಬಹುದು.

ನಮ್ಮ ಭಾಗದ ಅನೇಕ ಸಂಸ್ಥೆಗಳಲ್ಲಿ ಹೊರಗಿನ ಜಾಲಕ್ಕೆ ಹೋಗಲು ಸಂಸ್ಥೆಯದೇ ಇನ್ನೊಂದು ಪ್ರಾಕ್ಸಿಯನ್ನು ದಾಟಬೇಕು, ಅದಕ್ಕೆ ಹೆಸರು ಮತ್ತು ಪಾಸ್‌ವರ್ಡ್ ಕೊಡಬೇಕು. ನನ್ನ ದೃಷ್ಟಿಯಲ್ಲಿ ಈ ತಂತ್ರಾಂಶದ ಅತಿ ದೊಡ್ಡ ಗುಣ ಕಾಣುವುದು ಇಲ್ಲಿಯೇ. ಇದು ಇಲ್ಲದಿದ್ದರೆ ಆ ಪಾಸ್‌ವರ್ಡನ್ನು 40 ಕಂಪ್ಯೂಟರ್‌ಗಳ ಆ್ಯಪ್ಟ್ ಫೈಲಿನಲ್ಲಿ ಬರೆದಿಡಬೇಕಾಗುತ್ತದೆ, ಆ ಫೋಲ್ಡರಿನ ಫೈಲುಗಳನ್ನು ಸಾಮಾನ್ಯವಾಗಿ ಯಾವ ಬಳಕೆದಾರನಾದರೂ ಓದಬಹುದು, ಮತ್ತು ಪಾಸ್‌ವರ್ಡ್ ಬದಲಾದಾಗಲೆಲ್ಲ 40 ಕಡೆ ತಿದ್ದಬೇಕಾಗುತ್ತದೆ. ಆ್ಯಪ್ಟ್-ಕ್ಯಾಷರ್-ಎನ್‌ಜಿ ಇದ್ದರೆ ಅದರ ಸೆಟ್ಟಿಂಗ್ ಫೈಲಿನಲ್ಲಿ ಪ್ರಾಕ್ಸಿ ಎಂಬ ಒಂದೇ ಸಾಲಿನಲ್ಲಿ, ವಿದ್ಯಾರ್ಥಿಗಳು ಮುಟ್ಟದ ಒಂದೇ ಯಂತ್ರದಲ್ಲಿ, ಹೊರಗಿನ ಪ್ರಾಕ್ಸಿಯ ವಿಳಾಸ, ಹೆಸರು, ಪಾಸ್‌ವರ್ಡ್ ಇರುತ್ತವೆ. ಲ್ಯಾಬಿನ ಮಿಕ್ಕ ಯಂತ್ರಗಳಿಗೆ 3142 ಪೋರ್ಟಿನ ಹೊರತು ಬೇರೇನೂ ಗೊತ್ತಿರಬೇಕಿಲ್ಲ. ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆಗಳಿದ್ದರೆ ಅವು ವಿಳಾಸದ ವಿರಾಮ ಚಿಹ್ನೆಗಳೊಂದಿಗೆ ಗೊಂದಲವಾಗುತ್ತವೆ ಎಂಬುದನ್ನು ಮಾತ್ರ ಗಮನಿಸಬೇಕು. ಯಾವುದೇ ಪ್ರಾಕ್ಸಿಯ ವಿಳಾಸದಲ್ಲಿ ಅಟ್ ಚಿಹ್ನೆಗೆ ಶೇಕಡಾ ಚಿಹ್ನೆ ಮತ್ತು 40, ಹ್ಯಾಶ್ ಚಿಹ್ನೆಗೆ ಶೇಕಡಾ ಚಿಹ್ನೆ ಮತ್ತು 23 ಎಂದು ಬರೆಯುವುದು ರೂಢಿ. ಹೊರಗಿನ ಪ್ರಾಕ್ಸಿ 407 ಎಂಬ ಉತ್ತರ ಕೊಡುತ್ತಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ಅದಕ್ಕೆ ಸರಿಯಾಗಿ ತಲುಪಿಲ್ಲವೆಂದೇ ತಿಳಿಯಬೇಕು.

ಬ್ರೌಸರಿನಲ್ಲಿ ಲಾಗಿನ್ ಪುಟ ತೋರಿಸುವ ಫೈರ್‌ವಾಲ್ ಇರುವ ಕಡೆ ಕಥೆಯೇ ಬೇರೆ. ಅಲ್ಲಿ ಪ್ಯಾಕೇಜ್ ಪಟ್ಟಿಯನ್ನು ಕೇಳಿದ ಆ್ಯಪ್ಟ್‌ಗೆ ಲಾಗಿನ್ ಪುಟದ ಎಚ್‌ಟಿಎಂಎಲ್ ಬಂದು ಬೀಳುತ್ತದೆ. ಆ್ಯಪ್ಟ್ ಅದರಲ್ಲಿ ಸಹಿಯನ್ನು ಹುಡುಕಿ, ಕಾಣದೆ, ಕ್ಲಿಯರ್‌ಸೈನ್ಡ್ ಫೈಲ್ ಸರಿಯಿಲ್ಲ, ನೋಸ್ಪ್ಲಿಟ್ ಸಿಕ್ಕಿದೆ, ನೆಟ್‌ವರ್ಕ್ ಲಾಗಿನ್ ಕೇಳುತ್ತಿದೆಯೇ ಎಂಬ ಅರ್ಥದ ದೋಷ ತೋರಿಸುತ್ತದೆ. ಸಂಸ್ಥೆಯ ಜಾಲವನ್ನು ನೋಡಿಕೊಳ್ಳುವವರನ್ನು ಕೇಳಿ ಪ್ರಾಕ್ಸಿ ಸರ್ವರಿನ ಒಂದು ವಿಳಾಸಕ್ಕೆ ಲಾಗಿನ್‌ನಿಂದ ವಿನಾಯಿತಿ ಪಡೆಯುವುದೊಂದೇ ಇದಕ್ಕೆ ಸರಿಯಾದ ಮದ್ದು. 40 ಯಂತ್ರಗಳಿಗೆ ವಿನಾಯಿತಿ ಕೇಳಿದರೆ ಯಾರೂ ಒಪ್ಪುವುದಿಲ್ಲ, ಒಂದಕ್ಕೆ ಕೇಳಿದರೆ ಒಪ್ಪುತ್ತಾರೆ.

ಹ್ಯಾಶ್ ಸಮ್ ಮಿಸ್‌ಮ್ಯಾಚ್ ಎಂಬ ದೋಷ ಸಂಗ್ರಹ ಮಾಡುವ ಯಾವುದೇ ಪ್ರಾಕ್ಸಿಯ ಹಿಂದೆ ಆಗಾಗ ಕಾಣಿಸಿಕೊಳ್ಳುವಂಥದ್ದು. ಹೊಸ ಇನ್‌ರಿಲೀಸ್ ಬಂದಿರುತ್ತದೆ, ಪ್ಯಾಕೇಜ್ ಪಟ್ಟಿ ಮಾತ್ರ ಪ್ರಾಕ್ಸಿಯ ಹಳೆಯ ಪ್ರತಿಯಾಗಿರುತ್ತದೆ, ಎರಡರ ಲೆಕ್ಕ ಹೊಂದುವುದಿಲ್ಲ. ಪಟ್ಟಿಯ ಫೈಲನ್ನು ಅದರ ಹ್ಯಾಶ್‌ನ ಹೆಸರಿನಿಂದಲೇ ಕೇಳುವ ವ್ಯವಸ್ಥೆ ಬಂದ ಮೇಲೆ ಈ ತೊಂದರೆ ಬಹಳ ಕಡಿಮೆಯಾಗಿದೆ. ಆದರೂ ಬಂದರೆ ಸರ್ವರಿನ ವರದಿ ಪುಟದಲ್ಲಿ ಪಟ್ಟಿಗಳನ್ನು ಕಡ್ಡಾಯವಾಗಿ ಮತ್ತೆ ಇಳಿಸುವ ಆಯ್ಕೆಯನ್ನು ಗುರುತುಮಾಡಿ ಶುಚಿ ಕೆಲಸ ನಡೆಸಬೇಕು, ಕಂಪ್ಯೂಟರಿನ ಪಟ್ಟಿಗಳ ಫೋಲ್ಡರನ್ನು ಖಾಲಿ ಮಾಡಿ ಮತ್ತೆ ಅಪ್‌ಡೇಟ್ ಆದೇಶ ಕೊಡಬೇಕು.

ಆ ವರದಿ ಪುಟದ ಬಗ್ಗೆಯೂ ಹೇಳಬೇಕು. ಎಷ್ಟು ಕೋರಿಕೆಗಳಿಗೆ ಸಂಗ್ರಹದಿಂದಲೇ ಉತ್ತರ ಸಿಕ್ಕಿತು, ಎಷ್ಟಕ್ಕೆ ಹೊರಗೆ ಹೋಗಬೇಕಾಯಿತು, ಎಷ್ಟು ದತ್ತಾಂಶವನ್ನು ಹೊರಗಿನಿಂದ ಇಳಿಸುವುದು ತಪ್ಪಿತು ಎಂಬುದನ್ನು ಅದು ಕೋಷ್ಟಕದಲ್ಲಿ ತೋರಿಸುತ್ತದೆ. ಲೈನಿನ ಬಿಲ್ ಬಗ್ಗೆ ಪ್ರಶ್ನೆ ಕೇಳುವ ಪ್ರಾಂಶುಪಾಲರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಬೇರೆ ಬೇಕಿಲ್ಲ. ಆದರೆ ಸಂಗ್ರಹವನ್ನು ಅಳಿಸುವ ಗುಂಡಿಗಳೂ ಅಲ್ಲೇ ಇರುವುದರಿಂದ, ಸೆಕ್ಯುರಿಟಿ ಡಾಟ್ ಕಾನ್ಫ್ ಎಂಬ ಫೈಲಿನಲ್ಲಿ ಅಡ್ಮಿನ್ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಮುಗಿಸುವವರೆಗೆ ಈ ಸರ್ವರನ್ನು ಲ್ಯಾಬಿಗೆ ಬಿಡಬಾರದು. 3142 ಪೋರ್ಟ್ ಲ್ಯಾಬಿನ ಒಳಜಾಲಕ್ಕೆ ಮಾತ್ರ ತೆರೆದಿರುವಂತೆ ಫೈರ್‌ವಾಲ್ ನಿಯಮ ಹಾಕುವುದೂ ಅದೇ ದಿನದ ಕೆಲಸ.

ಹಳೆಯ ಪ್ಯಾಕೇಜ್‌ಗಳನ್ನು ಇದು ದಿನಕ್ಕೊಮ್ಮೆ ತಾನೇ ಪರಿಶೀಲಿಸಿ ಅಳಿಸುತ್ತದೆ. ಪಟ್ಟಿಯಲ್ಲಿ ಇನ್ನೂ ಹೆಸರಿರುವ ಪ್ಯಾಕೇಜನ್ನು ಮುಟ್ಟುವುದಿಲ್ಲ. ಪಟ್ಟಿಯಿಂದ ಬಿದ್ದುಹೋದದ್ದನ್ನು ಮೂಲ ಸೆಟ್ಟಿಂಗ್ ಪ್ರಕಾರ 4 ದಿನಗಳ ಬಳಿಕ ತೆಗೆಯುತ್ತದೆ. ಲೈನ್ ಕೆಟ್ಟು ಹೊಸ ಪಟ್ಟಿ ಬರದಿದ್ದರೆ ಅಳಿಸುವ ಕೆಲಸವನ್ನೇ ಅರ್ಧಕ್ಕೆ ನಿಲ್ಲಿಸುತ್ತದೆ. ಲೈನ್ ದಿನಗಟ್ಟಲೆ ಬಂದ್ ಆಗುವ ಊರುಗಳಿಗೆ ಈ ಎಚ್ಚರ ಬಹಳ ಬೆಲೆಯುಳ್ಳದ್ದು, ಏಕೆಂದರೆ ಹಾಗಿಲ್ಲದಿದ್ದರೆ ಲೈನ್ ಹೋದ ವಾರದಲ್ಲೇ ಸಂಗ್ರಹವೂ ಖಾಲಿಯಾಗಬಹುದಿತ್ತು. ಹೊರಗೆ ಹೋಗದೆ ಇರುವುದರಲ್ಲೇ ಉತ್ತರ ಕೊಡುವ ಆಫ್‌ಲೈನ್ ಮೋಡ್ ಎಂಬ ಸೆಟ್ಟಿಂಗ್ ಕೂಡ ಇದೆ. ಪ್ರಾಯೋಗಿಕ ಪರೀಕ್ಷೆಗಳ ದಿನಗಳಲ್ಲಿ ಅದನ್ನು ಹಾಕಿಡುವುದು ಅನುಕೂಲ.

ಇದರಿಂದ ಆಗದ ಕೆಲಸಗಳನ್ನೂ ನೇರವಾಗಿ ಹೇಳಬೇಕು. ಆ್ಯಪ್ಟ್‌ನ ಹೊರಗೆ ತನ್ನದೇ ದಾರಿಯಲ್ಲಿ ಇಳಿಯುವ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವ ತಂತ್ರಾಂಶಗಳನ್ನು ಇದು ಸಂಗ್ರಹಿಸುವುದಿಲ್ಲ, ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಆಗಿಯೇ. ಹೊರಗಿನ ಪ್ರಾಕ್ಸಿ ದಾಟಬೇಕಾದ ಲ್ಯಾಬಿನಲ್ಲಿ ಸ್ನ್ಯಾಪ್‌ಗೆ ಪ್ರತ್ಯೇಕವಾಗಿ, ಸ್ನ್ಯಾಪ್ ಸೆಟ್ ಸಿಸ್ಟಮ್ ಎಂಬ ಆದೇಶದಿಂದ ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಪ್ರಾಕ್ಸಿ ಎರಡನ್ನೂ ತಿಳಿಸಬೇಕಾಗುತ್ತದೆ, ಮತ್ತು 40 ಯಂತ್ರಗಳೂ ತಮ್ಮ ತಮ್ಮ ಪ್ರತಿಯನ್ನು ತಾವೇ ಇಳಿಸಿಕೊಳ್ಳುತ್ತವೆ. ಲೈನ್ ನಿಜಕ್ಕೂ ಬಡವಾಗಿರುವ ಲ್ಯಾಬಿಗೆ ಡೆಬಿಯನ್ 12 ಹಾಕುವಂತೆ ನಾನು ಸೂಚಿಸುವುದು ಇದೇ ಕಾರಣಕ್ಕೆ. ಅಲ್ಲಿ ಫೈರ್‌ಫಾಕ್ಸ್ ಕೂಡ ಸಾಮಾನ್ಯ ಪ್ಯಾಕೇಜ್ ಆಗಿ ಈ ಪ್ರಾಕ್ಸಿಯ ಮೂಲಕವೇ ಬರುತ್ತದೆ. ಪೈಥಾನ್‌ನ ಪಿಪ್, ಗಿಟ್ ಇವುಗಳಿಗೂ ತಮ್ಮದೇ ಪ್ರಾಕ್ಸಿ ಸೆಟ್ಟಿಂಗ್‌ಗಳಿವೆ, ಅವುಗಳಿಗೆ ಇದು ಉತ್ತರವಲ್ಲ.

ಸರ್ವರ್ ನಿಂತರೆ ಎಲ್ಲ ಕಂಪ್ಯೂಟರ್‌ಗಳ ಅಪ್‌ಡೇಟ್ ನಿಲ್ಲುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ವಿಳಾಸವನ್ನು ಗಟ್ಟಿಯಾಗಿ ಬರೆದಿಟ್ಟ ಲ್ಯಾಪ್‌ಟಾಪ್ ಮನೆಗೆ ಹೋದಾಗಲೂ ಇದೇ ಪಾಡು, ಆ್ಯಪ್ಟ್ ಇಲ್ಲದ ಪ್ರಾಕ್ಸಿಯನ್ನು ಹುಡುಕಿ ಸೋಲುತ್ತದೆ. ಇದಕ್ಕಾಗಿ ಆ್ಯಪ್ಟ್‌ನಲ್ಲಿ ಪ್ರಾಕ್ಸಿ ಆಟೋ ಡಿಟೆಕ್ಟ್ ಎಂಬ ಸೆಟ್ಟಿಂಗ್ ಇದೆ. ಅದಕ್ಕೆ ಒಂದು ಚಿಕ್ಕ ಸ್ಕ್ರಿಪ್ಟಿನ ಹೆಸರು ಕೊಟ್ಟರೆ, ಆ ಸ್ಕ್ರಿಪ್ಟ್ 3142 ಪೋರ್ಟ್ ತೆರೆದಿದ್ದರೆ ಪ್ರಾಕ್ಸಿಯ ವಿಳಾಸವನ್ನೂ ಇಲ್ಲದಿದ್ದರೆ ಡೈರೆಕ್ಟ್ ಎಂಬ ಪದವನ್ನೂ ಮುದ್ರಿಸುತ್ತದೆ, ಆ್ಯಪ್ಟ್ ಅದರಂತೆ ನಡೆಯುತ್ತದೆ. ಸ್ಕ್ರಿಪ್ಟ್ ಬರೆಯಲು ಇಷ್ಟವಿಲ್ಲದವರಿಗೆ ಆಟೋ-ಆ್ಯಪ್ಟ್-ಪ್ರಾಕ್ಸಿ ಎಂಬ ಪ್ಯಾಕೇಜ್ ಸಿದ್ಧವಾಗಿ ಸಿಗುತ್ತದೆ. ಅಧ್ಯಾಪಕರ ಲ್ಯಾಪ್‌ಟಾಪ್‌ಗಳಿಗೆ ಇದನ್ನೇ ಹಾಕಬೇಕು. ಮನೆಯಲ್ಲಿ ಒಂದೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇಡೀ ವ್ಯವಸ್ಥೆಯೇ ಅನಗತ್ಯ.

ದೇವದುರ್ಗ, ಲಿಂಗಸೂಗೂರು, ಕುಷ್ಟಗಿಯ ಕಡೆಯ ಕಾಲೇಜುಗಳಲ್ಲಿ ಮೊದಲ ಸಂಗ್ರಹ ತುಂಬಿಸುವಷ್ಟು ಲೈನೂ ಇಲ್ಲವೆನ್ನುವವರಿಗೆ ಇದರಲ್ಲೇ ಒಂದು ದಾರಿಯಿದೆ. ಲೈನ್ ಚೆನ್ನಾಗಿರುವ ಕಡೆ ತುಂಬಿಸಿದ ಪ್ಯಾಕೇಜ್ ಫೈಲುಗಳನ್ನು ಹಾರ್ಡ್ ಡಿಸ್ಕಿನಲ್ಲಿ ಒಯ್ದು, ಹೊಸ ಸರ್ವರಿನ ಸಂಗ್ರಹ ಫೋಲ್ಡರಿನೊಳಗೆ ಅಡಿಗೆರೆ ಮತ್ತು ಇಂಪೋರ್ಟ್ ಎಂಬ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿ ಸುರಿಯಬೇಕು. ಅಲ್ಲಿನ ಒಂದು ಕಂಪ್ಯೂಟರಿನಿಂದ ಈ ಪ್ರಾಕ್ಸಿಯ ಮೂಲಕ ಮೊದಲು ಒಮ್ಮೆ ಅಪ್‌ಡೇಟ್ ಆದೇಶ ಕೊಟ್ಟು ಪಟ್ಟಿಗಳನ್ನು ತರಿಸಿಕೊಂಡಿರುವುದು ಅಗತ್ಯ, ಏಕೆಂದರೆ ಪಟ್ಟಿಯ ಹ್ಯಾಶ್‌ನೊಂದಿಗೆ ತಾಳೆಯಾದ ಫೈಲನ್ನಷ್ಟೇ ಇದು ಸ್ವೀಕರಿಸುತ್ತದೆ. ನಂತರ ವರದಿ ಪುಟದಲ್ಲಿ ಇಂಪೋರ್ಟ್ ಗುಂಡಿ ಒತ್ತಿದರೆ ಹೊಂದಿದ ಪ್ಯಾಕೇಜ್‌ಗಳೆಲ್ಲ ತಮ್ಮ ಜಾಗಕ್ಕೆ ಸೇರುತ್ತವೆ. ಫೋಲ್ಡರಿನ ಮಾಲೀಕತ್ವ ಆ್ಯಪ್ಟ್-ಕ್ಯಾಷರ್-ಎನ್‌ಜಿ ಎಂಬ ಬಳಕೆದಾರನಿಗೇ ಇದೆಯೇ ಎಂದು ನೋಡಿಕೊಳ್ಳಿ, ಮತ್ತು ಎರಡೂ ಕಡೆ ಒಂದೇ ಆವೃತ್ತಿಯ ಉಬುಂಟು ಅಥವಾ ಡೆಬಿಯನ್ ಇರಲಿ. ಇಲ್ಲವಾದರೆ ಒಯ್ದ ಫೈಲುಗಳಲ್ಲಿ ಹೆಚ್ಚಿನವು ಪಟ್ಟಿಗೆ ಹೊಂದದೆ ಆ ಫೋಲ್ಡರಿನಲ್ಲೇ ಉಳಿಯುತ್ತವೆ.